ಶಾಲೆ, ಆಟ, ಪ್ರೀತಿ: ವಿಷುಯಲ್ ನಾವೆಲ್‌ನಲ್ಲಿ ಪಂದ್ಯವನ್ನು ನಾವೇ ಆಡಬೇಕಾ, ಓದಿದರೆ ಸಾಕಾ?

ಹಸಿರುಮೈದಾನ:

ಶಾಲೆ, ಆಟ, ಪ್ರೀತಿ ಮೂರೂ ಇರುವ ವಿಷುಯಲ್ ನಾವೆಲ್‌ಗಳ ಬಗ್ಗೆ ಇಲ್ಲಿ ಯಾರೂ ಸರಿಯಾಗಿ ಮಾತಾಡಿಲ್ಲ. ಅಲ್ಲೊಂದು ಇಲ್ಲೊಂದು ಹೆಸರು ಬಂದಿದೆ ಅಷ್ಟೇ. ಅದಕ್ಕೇ ಈ ಥ್ರೆಡ್. ಸ್ವಲ್ಪ ಉದ್ದ ಇದೆ, ಪುರುಸೊತ್ತಲ್ಲಿ ಓದಿ.

ಹೊಸಬರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಿತ್ರ, ಸಂಗೀತ, ದನಿಗಳ ಜೊತೆ ಪರದೆ ಮೇಲೆ ಓದುವ ಕಥೆಯೇ ವಿಷುಯಲ್ ನಾವೆಲ್. ಮಧ್ಯೆ ಆಯ್ಕೆಗಳು ಬರುತ್ತವೆ, ನೀವು ಯಾವುದನ್ನು ಆರಿಸುತ್ತೀರೋ ಅದರ ಮೇಲೆ ಕಥೆ ತಿರುಗುತ್ತದೆ. ಡೇಟಿಂಗ್ ಸಿಮ್, ಅಂದರೆ ಯಾರದ್ದಾದರೂ ಪ್ರೀತಿ ಗೆಲ್ಲುವ ಆಟ, ಅದರಲ್ಲಿ ಇದರ ಜೊತೆಗೆ ದಿನ, ವಾರ, ಅಂಕಿಗಳ ಲೆಕ್ಕವೂ ಇರುತ್ತದೆ. ಎರಡರ ನಡುವಿನ ಗೆರೆ ಅಷ್ಟೇನೂ ಗಟ್ಟಿಯಲ್ಲ.

ಈ ಜಾತಿಯ ಆಟಗಳಿಗೆ ದೊಡ್ಡಣ್ಣ ಅಂದರೆ ಜಪಾನಿನ ಗೇಮ್ ಕಂಪನಿ ಕೊನಾಮಿಯ ಟೋಕಿಮೆಕಿ ಮೆಮೊರಿಯಲ್. 1994ರ ಮೇ ತಿಂಗಳಲ್ಲಿ ಪಿಸಿ ಎಂಜಿನ್ ಅನ್ನುವ ಕನ್ಸೋಲಿಗೆ ಬಂತು, ಮರುವರ್ಷ ಪ್ಲೇಸ್ಟೇಷನ್‌ಗೆ ಬಂದ ಮೇಲೆ ಜಪಾನಿನಲ್ಲಿ ಮನೆಮಾತಾಯಿತು. ಕಿರಮೆಕಿ ಹೈಸ್ಕೂಲಿನಲ್ಲಿ ಮೂರು ವರ್ಷ. ಪ್ರತಿ ವಾರ ಏನು ಮಾಡಬೇಕು ಅಂತ ನೀವೇ ಹೇಳಬೇಕು: ಓದು, ವ್ಯಾಯಾಮ, ಚಿತ್ರ-ಸಂಗೀತ, ಕ್ಲಬ್ಬು, ಇಲ್ಲಾ ಸುಮ್ನೆ ವಿಶ್ರಾಂತಿ. ಒಂದನ್ನು ಏರಿಸಿದರೆ ಇನ್ನೊಂದು ಇಳಿಯುತ್ತದೆ. ಜಾಸ್ತಿ ದಣಿದರೆ ಕಾಯಿಲೆ ಬೀಳುತ್ತೀರಿ. ಪದವಿ ಸಮಾರಂಭದ ದಿನ ಶಾಲೆಯ ಹಳೇ ಮರದ ಕೆಳಗೆ ಯಾರಾದರೂ ಬಂದು ಪ್ರೀತಿ ಹೇಳಿಕೊಂಡರೆ ಗೆದ್ದಂತೆ. ಯಾರೂ ಬರದೇ ಇರುವುದೂ ಉಂಟು.

ನನಗೆ ಇದು ಇಷ್ಟ ಆಗುವುದು ಯಾಕೆ ಅಂದರೆ ಇಲ್ಲಿ ಆಟಕ್ಕೆ ಬೆಲೆ ತೆರಬೇಕು. ಈಜು ಕ್ಲಬ್ಬಿಗೆ ಹೋದ ವಾರ ಪುಸ್ತಕ ಮುಟ್ಟಿಲ್ಲ ಅಂತಲೇ ಲೆಕ್ಕ. ಭಾನುವಾರ ಒಬ್ಬಳಿಗೆ ಫೋನ್ ಮಾಡಿದರೆ ಇನ್ನೊಬ್ಬಳಿಗೆ ಮಾಡಿಲ್ಲ. ಯಾರನ್ನಾದರೂ ತುಂಬಾ ದಿನ ಕಡೆಗಣಿಸಿದರೆ ಅವಳ ಹೆಸರಿನ ಪಕ್ಕ ಒಂದು ಬಾಂಬಿನ ಗುರುತು ಬರುತ್ತದೆ, ಅದು ಸಿಡಿದರೆ ಊರೆಲ್ಲಾ ಮಾತು ಹಬ್ಬಿ ಉಳಿದವರಿಗೂ ನಿಮ್ಮ ಮೇಲಿನ ಅಭಿಪ್ರಾಯ ಕೆಡುತ್ತದೆ. ಹದಿಹರೆಯದಲ್ಲಿ ಆಟ ಆಡಿದವರಿಗೆ ಈ ಸಂಕಟ ಗೊತ್ತು. ಪ್ರಾಕ್ಟೀಸು ಸಂಜೆಗಳನ್ನೆಲ್ಲಾ ತಿಂದುಹಾಕುತ್ತದೆ.

ಹಾಗಾದರೆ ನನ್ನ ಪ್ರಶ್ನೆ ಇದು. ಇಂಥ ಆಟಗಳಲ್ಲಿ ಪಂದ್ಯದ ದಿನ ಬಂದಾಗ ಅದನ್ನು ನಾವೇ ಕೈಯಾರೆ ಆಡುವಂತಿರಬೇಕಾ? ಅಥವಾ ಕಥೆಯಲ್ಲಿ ಓದಿದರೆ ಸಾಕಾ? ಆಡಬೇಕು ಅನ್ನುವುದು ನನ್ನ ಮತ. ಕನಿಷ್ಠ ಸೋಲುವ ಭಯವಾದರೂ ಇರಬೇಕು. ಆಟಗಾರನ ಮೇಲೆ ಪ್ರೀತಿ ಹುಟ್ಟುವ ಕಥೆಯಲ್ಲಿ ಆಟವೇ ಬರೀ ಹಿನ್ನೆಲೆಯ ಪರದೆ ಆದರೆ ಏನು ಬಂತು?

ಕೊನೇಬೆಂಚು:

ಓದಿದರೆ ಸಾಕು. ಆಡಬೇಕು ಅನ್ನಿಸಿದರೆ ಫುಟ್‌ಬಾಲ್ ಗೇಮುಗಳು ಬೇಕಾದಷ್ಟು ಇವೆಯಲ್ಲ.

ಹಳೇಕನ್ಸೋಲು:

@ಹಸಿರುಮೈದಾನ ನಿಮ್ಮ ಪ್ರಶ್ನೆಗೆ ಕೊನಾಮಿಯೇ 1997ರಲ್ಲಿ ಒಂದು ಉತ್ತರ ಕೊಟ್ಟಿದೆ. ಟೋಕಿಮೆಕಿ ಮೆಮೊರಿಯಲ್ ಡ್ರಾಮಾ ಸರಣಿಯ ಮೊದಲ ಭಾಗ, ನಿಜಿಇರೋ ನೋ ಸೆಇಶುನ್. ಅದನ್ನು ನಿರ್ದೇಶಿಸಿದವರು ಹಿದೆಯೋ ಕೊಜಿಮಾ. ಹೌದು, ಮರುವರ್ಷ ಮೆಟಲ್ ಗೇರ್ ಸಾಲಿಡ್ ಕೊಟ್ಟ ಅದೇ ಕೊಜಿಮಾ. ಗೂಢಚಾರರು, ಅಣ್ವಸ್ತ್ರ ಅಂತ ಜಗತ್ತು ಮಾತಾಡುವ ಮನುಷ್ಯ ಅದಕ್ಕೆ ಸ್ವಲ್ಪ ಮುಂಚೆ ಹೈಸ್ಕೂಲ್ ಫುಟ್‌ಬಾಲ್ ಹುಡುಗನ ಪ್ರೇಮಕಥೆ ಮಾಡಿದ್ದರು.

ಅಲ್ಲಿ ನೀವು ಸ್ಟಾರ್ ಆಟಗಾರ ಅಲ್ಲ. ತಂಡದಲ್ಲಿ ಜಾಗ ಸಿಗದೆ ಬೆಂಚಿನಲ್ಲಿ ಕೂತಿರುವ ಹುಡುಗ. ತಂಡದ ಮ್ಯಾನೇಜರ್ ನಿಜಿನೋ ಸಾಕಿ ನಿಮ್ಮನ್ನು ನಂಬುತ್ತಾಳೆ. ಪಂದ್ಯದ ದಿನ ಹತ್ತಿರ ಬರುತ್ತಿದೆ. ಮಾತುಕತೆ, ತಿರುಗಾಟ ಎಲ್ಲಾ ವಿಷುಯಲ್ ನಾವೆಲ್ ಥರ, ಆದರೆ ಅಭ್ಯಾಸ ಮಾಡುವಾಗ ಚೆಂಡನ್ನು ನೀವೇ ಒದೆಯಬೇಕು. ಚಿಕ್ಕ ಚಿಕ್ಕ ಆಟಗಳೇ, ಇವತ್ತಿನ ಕಣ್ಣಿಗೆ ತೀರಾ ಸರಳ. ಆದರೂ ಬೆರಳು ತಪ್ಪಿ ಚೆಂಡು ಹೊರಗೆ ಹೋದಾಗ ನಾಚಿಕೆ ಆಗುವುದು ಕಥೆಯ ಹುಡುಗನಿಗಷ್ಟೇ ಅಲ್ಲ, ನಿಮಗೂ ಆಗುತ್ತದೆ. ಆಮೇಲೆ ಸಾಕಿ ಬಂದು ಧೈರ್ಯ ಹೇಳುತ್ತಾಳಲ್ಲ, ಆ ಮಾತಿಗೆ ತೂಕ ಬರುವುದು ಅಲ್ಲಿಂದಲೇ.

ಇನ್ನೊಂದು ವಿಷಯ. ಮೂಲ ಟೋಕಿಮೆಕಿಯಲ್ಲಿ ಮುಖ್ಯ ನಾಯಕಿ ಶಿಯೋರಿಗೆ ಎಲ್ಲವೂ ಬೇಕು, ಓದೂ ಬೇಕು, ಆಟವೂ ಬೇಕು, ರೂಪವೂ ಬೇಕು. ಸಾಕಿ ಹಾಗಲ್ಲ, ಅವಳು ನೋಡುವುದು ಛಲವನ್ನು. ಆಟದಲ್ಲಿ ಛಲಕ್ಕೆ ಅಂತಲೇ ಬೇರೆ ಅಂಕಿ ಇದೆ! ಗೆಲ್ಲುವವನಿಗಿಂತ ಬಿಡದೆ ಓಡುವವನನ್ನು ಇಷ್ಟಪಡುವ ಪಾತ್ರವನ್ನು 1994ರಲ್ಲೇ ಅಂಕಿಯ ಲೆಕ್ಕದಲ್ಲಿ ಕೂರಿಸಿದ್ದರು. ಇದು ನನಗೆ ಈಗಲೂ ದೊಡ್ಡ ವಿಷಯ ಅನ್ನಿಸುತ್ತದೆ.

ಮಲ್ಲಿಗೆಮೊಗ್ಗು:

ಸಾಕಿ ನನಗೂ ಇಷ್ಟ. ಆದರೆ ಒಂದು ಕೋಪ ಇದೆ, ಹೇಳಿಬಿಡುತ್ತೇನೆ. ಈ ಆಟಗಳಲ್ಲಿ ಹುಡುಗಿ ಯಾಕೆ ಯಾವಾಗಲೂ ಮ್ಯಾನೇಜರ್? ನೀರಿನ ಬಾಟಲಿ, ಟವೆಲು, ಊಟದ ಡಬ್ಬಿ. ಹುಡುಗ ಗೋಲು ಹೊಡೆಯುತ್ತಾನೆ, ಹುಡುಗಿ ಕಣ್ಣೊರೆಸಿಕೊಳ್ಳುತ್ತಾಳೆ.

ಹಳೇಕನ್ಸೋಲು:

@ಮಲ್ಲಿಗೆಮೊಗ್ಗು ಅದು ಆಟ ಮಾಡಿದವರು ಹುಟ್ಟಿಸಿದ್ದಲ್ಲ, ಜಪಾನಿನ ಶಾಲೆಗಳಲ್ಲಿ ಇರುವುದೇ ಹಾಗೆ. ಅಲ್ಲಿ ಕ್ಲಬ್ಬಿನ ಮ್ಯಾನೇಜರ್ ಒಬ್ಬ ವಿದ್ಯಾರ್ಥಿ, ಹುಡುಗರ ತಂಡಗಳಲ್ಲಿ ಬಹಳ ಸಲ ವಿದ್ಯಾರ್ಥಿನಿ. ಸ್ಕೋರು ಬರೆಯುವುದು, ಸಾಮಾನು ನೋಡಿಕೊಳ್ಳುವುದು, ನೀರು ಕೊಡುವುದು ಎಲ್ಲಾ ಅವಳದ್ದೇ. ಅಷ್ಟೆಲ್ಲಾ ಮಾಡಿದರೂ ಕೋಶಿಯೆನ್ ಅನ್ನುವ ಹೈಸ್ಕೂಲ್ ಬೇಸ್‌ಬಾಲ್ ಪಂದ್ಯಾವಳಿಯಲ್ಲಿ ಹುಡುಗಿ ಮ್ಯಾನೇಜರ್ ತಂಡದ ಬೆಂಚಿನಲ್ಲಿ ಕೂರಲು ಅವಕಾಶ ಸಿಕ್ಕಿದ್ದು 1996ರಲ್ಲಿ. ಅಂದರೆ ಟೋಕಿಮೆಕಿ ಬಂದು ಎರಡು ವರ್ಷ ಆದ ಮೇಲೆ. 2016ರಲ್ಲಿ ಒಬ್ಬ ಮ್ಯಾನೇಜರ್ ಹುಡುಗಿ ಕೋಶಿಯೆನ್ ಅಭ್ಯಾಸದ ಹೊತ್ತಿನಲ್ಲಿ ಮೈದಾನಕ್ಕೆ ಇಳಿದಳು ಅಂತ ಅವಳನ್ನು ಹೊರಗೆ ಕಳಿಸಿದರು, ಜಪಾನಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಮುಂದಿನ ವರ್ಷದಿಂದ ಷರತ್ತು ಹಾಕಿ ಬಿಟ್ಟರು.

ಆದರೆ ಮೂಲ ಆಟದಲ್ಲೇ ಕಿಯೊಕಾವಾ ನೊಝೊಮಿ ಇದ್ದಾಳೆ, ಮರೀಬೇಡಿ. ಈಜು ಕ್ಲಬ್ಬಿನ ಹುಡುಗಿ, ಗಿಡ್ಡ ಕೂದಲು, ಯಾವ ಹುಡುಗನಿಗೂ ಕಡಿಮೆ ಇಲ್ಲದ ದೇಹಶಕ್ತಿ. ತಾನು ಹುಡುಗಿಯರ ಹಾಗೆ ನಾಜೂಕಿಲ್ಲ ಅನ್ನುವ ಚಿಂತೆ ಒಳಗೆ. ಅವಳ ಜೊತೆ ಕಥೆ ಮುಂದೆ ಹೋಗಬೇಕಾದರೆ ನೀವೂ ಬೆವರು ಸುರಿಸಬೇಕು.

ಮಲ್ಲಿಗೆಮೊಗ್ಗು:

ನೊಝೊಮಿ ವಿಷಯ ಒಪ್ಪಿದೆ. ಆದರೆ "ನಾಜೂಕಿಲ್ಲ" ಅನ್ನುವ ಚಿಂತೆಯನ್ನು ಹುಡುಗನ ಒಪ್ಪಿಗೆಯೇ ಬಂದು ಕಳೆಯಬೇಕಾ ಅನ್ನುವುದು ನನ್ನ ತಕರಾರು. ಟೋಕಿಮೆಕಿ ಸರಣಿಯದ್ದೇ 2002ರ ಗರ್ಲ್ಸ್ ಸೈಡ್ ನನಗೆ ಇದಕ್ಕಿಂತ ಹತ್ತಿರ. ಅಲ್ಲಿ ನಾವೇ ಹುಡುಗಿ, ಪ್ರೀತಿಸಬೇಕಾದವರು ಹುಡುಗರು. ಬ್ಯಾಸ್ಕೆಟ್‌ಬಾಲ್ ಹುಚ್ಚಿನ ಸುಜುಕಾ ಕಝುಮಾ ಒಬ್ಬ. ಆ ಕ್ಲಬ್ಬಿನ ಮ್ಯಾನೇಜರ್ ಕೊನ್ನೋ ತಮಾಮಿ ನಮ್ಮ ಗೆಳತಿ, ಮೆತ್ತಗಿನ ಸ್ವಭಾವ. ಅವಳಿಗೂ ಕಝುಮಾ ಮೇಲೆ ಮನಸ್ಸು. ನಾವು ಅವನಿಗೆ ಹತ್ತಿರ ಆಗುತ್ತಾ ಹೋದ ಹಾಗೆ ಅವಳು ಗೆಳತಿಯಾಗಿ ಉಳಿಯುವುದಿಲ್ಲ, ಎದುರಾಳಿ ಆಗುತ್ತಾಳೆ. ದಿನಾ ನೀರು ಕೊಟ್ಟು ಟವೆಲು ಹಿಡಿದು ನಿಂತಿದ್ದ ಹುಡುಗಿಗೂ ಒಂದು ಆಸೆ ಇತ್ತು, ಅದನ್ನು ನಾವು ಕಸಿದುಕೊಂಡೆವು ಅಂತ ಆಟವೇ ನಮ್ಮ ಮುಖಕ್ಕೆ ಹೇಳುತ್ತದೆ. ಮ್ಯಾನೇಜರ್ ಪಾತ್ರಕ್ಕೆ ಇದಕ್ಕಿಂತ ಹೆಚ್ಚು ಮರ್ಯಾದೆ ಕೊಟ್ಟ ಆಟ ನಾನು ನೋಡಿಲ್ಲ. ನನ್ನ ಮಟ್ಟಿಗೆ ಕಝುಮಾ ಕಥೆಯಲ್ಲಿ ನೆನಪಿರುವುದು ಕಝುಮಾ ಅಲ್ಲ, ತಮಾಮಿ.

ಪೀಟಿಮೇಷ್ಟ್ರು:

ನಾನು ಗೇಮ್ ಆಡುವುದು ಕಡಿಮೆ. ಮಗಳು ಆಡುವುದನ್ನು ಪಕ್ಕದಲ್ಲಿ ಕೂತು ನೋಡುತ್ತೇನೆ. ಹೈಸ್ಕೂಲಿನಲ್ಲಿ ದೈಹಿಕ ಶಿಕ್ಷಕನಾಗಿ ಇರುವುದರಿಂದ ಒಂದೆರಡು ಮಾತು.

ಜಪಾನಿನ ಕ್ಲಬ್ ಪದ್ಧತಿ ಗೊತ್ತಿಲ್ಲದೆ ಈ ಕಥೆಗಳು ಪೂರ್ತಿ ಅರ್ಥ ಆಗುವುದಿಲ್ಲ ಅನ್ನಿಸುತ್ತದೆ. ಅಲ್ಲಿ ಶಾಲಾ ವರ್ಷ ಶುರುವಾಗುವುದು ಏಪ್ರಿಲ್‌ನಲ್ಲಿ. ಶಾಲೆ ಬಿಟ್ಟ ಮೇಲೆ ಮಕ್ಕಳು ಕ್ಲಬ್ಬಿಗೆ ಹೋಗುತ್ತಾರೆ. ಮೂರನೇ ವರ್ಷದ ಬೇಸಿಗೆಯಲ್ಲಿ ಕೊನೆಯ ಪಂದ್ಯಾವಳಿ, ಅದು ಮುಗಿದರೆ ಕ್ಲಬ್ಬಿಗೆ ವಿದಾಯ, ಆಮೇಲೆ ಕಾಲೇಜು ಪ್ರವೇಶ ಪರೀಕ್ಷೆಗೆ ಓದು. ಕೋಶಿಯೆನ್ ಬೇಸಿಗೆ ಪಂದ್ಯಾವಳಿಗೆ ಮೂರು ಸಾವಿರಕ್ಕೂ ಹೆಚ್ಚು ಶಾಲೆಗಳು ಕೆಳಹಂತದಿಂದ ಆಡುತ್ತವೆ, ಕೊನೆಗೆ ಕೋಶಿಯೆನ್ ಮೈದಾನಕ್ಕೆ ಬರುವುದು 49 ತಂಡ. ಎಲ್ಲಾ ನಾಕೌಟ್, ಒಂದು ಸೋಲಿಗೆ ಮನೆ ದಾರಿ. ಅಂದರೆ ದೇಶಕ್ಕೆಲ್ಲಾ ಒಂದೇ ಒಂದು ಶಾಲೆ ಸೋಲದೆ ಮುಗಿಸುತ್ತದೆ. ಸೋತ ಹುಡುಗರು ಮೈದಾನದ ಮಣ್ಣನ್ನು ಕೈಯಲ್ಲಿ ಬಾಚಿ ಚೀಲಕ್ಕೆ ತುಂಬಿಕೊಂಡು ಹೋಗುತ್ತಾರೆ.

ಸೋಲು ಖಚಿತ ಅಂತ ಗೊತ್ತಿದ್ದೂ ಮೂರು ವರ್ಷ ಬೆವರು ಹರಿಸುವ ಮಕ್ಕಳ ಕಥೆ ಇದು. ಪ್ರೀತಿ ಹೇಳಿಕೊಳ್ಳುವುದನ್ನು ಮುಂದೂಡುವುದಕ್ಕೂ ಅಲ್ಲಿ ಕಾರಣ ಇದೆ, "ಪಂದ್ಯ ಮುಗಿಯಲಿ" ಅಂತ. ಹೇಳಲೇಬೇಕಾದ ದಿನವೂ ಕ್ಯಾಲೆಂಡರಿನಲ್ಲಿ ಇದೆ. ಬರೆಯುವವನಿಗೆ ಇನ್ನೇನು ಬೇಕು?

ಹಸಿರುಮೈದಾನ:

@ಪೀಟಿಮೇಷ್ಟ್ರು ಸರ್, ನನ್ನ ತಲೆಯಲ್ಲಿ ಇದ್ದದ್ದನ್ನು ನನಗಿಂತ ಚೆನ್ನಾಗಿ ಹೇಳಿದಿರಿ. ಟೋಕಿಮೆಕಿಯ ಮೂರು ವರ್ಷದ ಲೆಕ್ಕ ಬಂದದ್ದೇ ಆ ಕ್ಯಾಲೆಂಡರಿನಿಂದ.

ಇದಕ್ಕೆ ಸೇರಿಸಬೇಕಾದ ಇನ್ನೊಂದು ಸಾಲು ಇದೆ, ಕೊನಾಮಿಯದ್ದೇ ಪವರ್ ಪ್ರೊ ಬೇಸ್‌ಬಾಲ್. ಅದು ಮೂಲತಃ ಪಕ್ಕಾ ಬೇಸ್‌ಬಾಲ್ ಗೇಮು. 1996ರ ಮೂರನೇ ಭಾಗದಲ್ಲಿ ಸಕ್ಸೆಸ್ ಅಂತ ಒಂದು ಮೋಡ್ ತಂದರು. ಒಬ್ಬ ಆಟಗಾರನನ್ನು ನೀವೇ ಬೆಳೆಸಬೇಕು: ಬ್ಯಾಟಿಂಗ್ ಅಭ್ಯಾಸ, ಓಟ, ವಿಶ್ರಾಂತಿ, ಮಧ್ಯೆ ಹುಡುಗಿಯ ಜೊತೆ ಸುತ್ತಾಟ. ಆಮೇಲಿನ ಭಾಗಗಳಲ್ಲಿ ಹೈಸ್ಕೂಲ್, ಕೋಶಿಯೆನ್ ಎಲ್ಲಾ ಬಂತು. ಅಲ್ಲಿ ಪಂದ್ಯವನ್ನು ನಿಜವಾಗಿ ಆಡುತ್ತೀರಿ. ಪಾತ್ರಗಳ ಆಳ ವಿಷುಯಲ್ ನಾವೆಲ್‌ನಷ್ಟು ಇಲ್ಲ, ಒಪ್ಪುತ್ತೇನೆ. ಆದರೆ ಹುಡುಗಿಗೆ ಫೋನ್ ಮಾಡಲಾ, ಪಿಚಿಂಗ್ ಅಭ್ಯಾಸ ಮಾಡಲಾ ಅನ್ನುವ ಆಯ್ಕೆ ಮುಂದಿನ ಪಂದ್ಯದ ಒಂದೊಂದು ಎಸೆತದಲ್ಲೂ ಕಾಣುತ್ತದೆ. ನಾನು ಕೇಳುತ್ತಿರುವುದು ಇದನ್ನೇ.

ಕೊನೇಬೆಂಚು:

ಈಗ ಉದ್ದಕ್ಕೆ ಬರೆಯುತ್ತೇನೆ, ಯಾಕೆಂದರೆ ನೀವೆಲ್ಲಾ ಒಂದು ಕಡೆಗೇ ವಾಲುತ್ತಿದ್ದೀರಿ.

ಔಕಾನಾ ಆಡಿದ್ದೀರಾ? 2014ರಲ್ಲಿ ಸ್ಪ್ರೈಟ್ ಅನ್ನುವ ತಂಡ ಮಾಡಿದ್ದು, 2019ರಲ್ಲಿ ಸ್ಟೀಮ್ ಅನ್ನುವ ಆನ್‌ಲೈನ್ ಗೇಮ್ ಅಂಗಡಿಗೆ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿರುವ ಕ್ರೀಡೆಯೇ ಕಲ್ಪನೆಯದ್ದು. ಹೆಸರು ಫ್ಲೈಯಿಂಗ್ ಸರ್ಕಸ್. ಗುರುತ್ವ ಮೀರುವ ಬೂಟು ಹಾಕಿಕೊಂಡು ಮಕ್ಕಳು ಸಮುದ್ರದ ಮೇಲೆ ಹಾರುತ್ತಾರೆ. ಆಕಾಶದಲ್ಲಿ ಚೌಕಾಕಾರಕ್ಕೆ ನಾಲ್ಕು ತೇಲುಗುರುತುಗಳು. ತೇಲುಗುರುತು ಮುಟ್ಟಿದರೆ ಅಂಕ, ಎದುರಾಳಿಯ ಬೆನ್ನು ಮುಟ್ಟಿದರೂ ಅಂಕ. ವೇಗ ನಂಬುವವರು ಒಂದು ಥರ, ಬೆನ್ನಟ್ಟಿ ಹೊಡೆದಾಡುವವರು ಒಂದು ಥರ, ಎರಡೂ ಮಾಡುವವರು ಇನ್ನೊಂದು ಥರ. ನೀವು ಮಸಾಯಾ. ಒಂದು ಕಾಲದಲ್ಲಿ ಭಾರೀ ಪ್ರತಿಭೆ ಅನ್ನಿಸಿಕೊಂಡು ಆಟ ಬಿಟ್ಟವನು, ಈಗ ಶಾಲೆಯ ಹುಡುಗಿಯರಿಗೆ ಕೋಚ್.

ಇದರಲ್ಲಿ ಪಂದ್ಯವನ್ನು ನೀವು ಆಡುವುದೇ ಇಲ್ಲ. ಬರೀ ಓದುತ್ತೀರಿ. ಆದರೂ ನಾನು ಕುರ್ಚಿಯ ತುದಿಗೆ ಬಂದು ಕೂತಿದ್ದೆ. ಯಾಕೆ? ಕೋಚ್ ಕೂಡಾ ಆಡುವುದಿಲ್ಲವಲ್ಲ! ಅವನು ಕೆಳಗೆ ನಿಂತು ಹೆಡ್‌ಸೆಟ್‌ನಲ್ಲಿ ಹೇಳುತ್ತಾನೆ, ಮೇಲಿರುವವಳು ಕೇಳಬೇಕು ಅಷ್ಟೇ. ಕೈಗೆ ಏನೂ ಸಿಗದೆ ನೋಡುತ್ತಾ ನಿಲ್ಲುವ ಆ ಚಡಪಡಿಕೆ ಓದುಗನಿಗೂ ಹಾಗೇ ಬರುತ್ತದೆ. ಇಲ್ಲಿ ಬಟನ್ ಒತ್ತುವ ಆಟ ಇಟ್ಟಿದ್ದರೆ ಕಥೆ ಕೆಟ್ಟು ಹೋಗುತ್ತಿತ್ತು. ಜೊತೆಗೆ ಕ್ರೀಡೆಯನ್ನೇ ಹೊಸದಾಗಿ ಕಟ್ಟಿರುವುದರಿಂದ ಓದುಗನೂ ಹೊಸ ಹುಡುಗಿ ಅಸುಕಾ ಜೊತೆಗೇ ನಿಯಮ ಕಲಿಯುತ್ತಾನೆ.

ಇನ್ನು ಕ್ಲಾನಾಡ್. 2004ರದ್ದು, ಕೀ ತಂಡದ್ದು. ಎಲ್ಲರೂ ಅದನ್ನು ಅಳಿಸುವ ಕಥೆ ಅಂತಷ್ಟೇ ನೆನೆಯುತ್ತಾರೆ. ಆದರೆ ನಾಯಕ ತೊಮೊಯಾ ಬ್ಯಾಸ್ಕೆಟ್‌ಬಾಲ್ ಆಡುತ್ತಿದ್ದವನು. ಅಪ್ಪನ ಜೊತೆ ಜಗಳದಲ್ಲಿ ಬಲ ಭುಜಕ್ಕೆ ಪೆಟ್ಟು, ಆಮೇಲೆ ಕೈ ಭುಜದ ಮೇಲಕ್ಕೆ ಏಳುವುದೇ ಇಲ್ಲ. ಅವನ ಗೆಳೆಯ ಸುನೊಹರಾ ಫುಟ್‌ಬಾಲ್ ಬಲದ ಮೇಲೆ ಶಾಲೆಗೆ ಬಂದು, ಹೊಡೆದಾಡಿ ಕ್ಲಬ್ಬಿನಿಂದ ಹೊರಬಿದ್ದವನು. ಕ್ಲಬ್ ಕಳೆದುಕೊಂಡ ಹುಡುಗರು ಸಂಜೆ ಹೊತ್ತು ಎಲ್ಲಿಗೆ ಹೋಗಬೇಕು? ಇಬ್ಬರೂ ಹಾಸ್ಟೆಲ್ ರೂಮಿನಲ್ಲಿ ಸುಮ್ನೆ ಬಿದ್ದುಕೊಂಡಿರುತ್ತಾರೆ. ಕ್ರೀಡೆಯ ಬಗ್ಗೆ ನಾನು ಓದಿದ ಅತಿ ನಿಜವಾದ ಕಥೆಗಳಲ್ಲಿ ಇದೊಂದು, ಆದರೆ ಅದರಲ್ಲಿ ಕ್ರೀಡೆ ಇರುವುದು ಬಹಳ ಕಡಿಮೆ. ಹೇಳಿ, ಇದನ್ನು ಹೇಗೆ "ಆಡುತ್ತೀರಿ"?

ಹಸಿರುಮೈದಾನ:

ತೊಮೊಯಾ ಭುಜದ ವಿಷಯದಲ್ಲಿ ವಾದ ಮಾಡಲ್ಲ. ಒಪ್ಪಿದೆ.

ಆದರೆ ಅದೇ ಕೀ ತಂಡ ಮೂರು ವರ್ಷ ಬಿಟ್ಟು, 2007ರಲ್ಲಿ, ಲಿಟಲ್ ಬಸ್ಟರ್ಸ್ ಮಾಡಿತು ನೋಡಿ. ಅಲ್ಲಿ ಬ್ಯಾಟು ನಮ್ಮ ಕೈಗೆ ಬಂತು. ಸ್ನೇಹಿತರ ಗುಂಪಿನ ಹಿರಿಯ ಕ್ಯೋಸುಕೆ ಒಂದು ದಿನ ಏಕಾಏಕಿ "ಬೇಸ್‌ಬಾಲ್ ಆಡೋಣ" ಅನ್ನುತ್ತಾನೆ. ತಂಡಕ್ಕೆ ಜನ ಇಲ್ಲ. ಒಬ್ಬೊಬ್ಬರನ್ನೇ ಹುಡುಕಿ ತರಬೇಕು. ಪಿಚರ್ ಅವನ ತಂಗಿ ರಿನ್. ಯಾರ ಜೊತೆಗೂ ಬೆರೆಯದ, ಬೆಕ್ಕುಗಳ ಜೊತೆ ಮಾತ್ರ ಹೊಂದಿಕೊಳ್ಳುವ ಹುಡುಗಿ. ಸಂಜೆ ಅಭ್ಯಾಸದಲ್ಲಿ ಅವಳು ಎಸೆಯುತ್ತಾಳೆ, ಕಥೆಯ ನಾಯಕ ರಿಕಿ ಆಗಿ ನೀವು ಹೊಡೆಯಬೇಕು. ಮೊದಮೊದಲು ಚೆಂಡು ಎಲ್ಲೆಲ್ಲೋ ಬರುತ್ತದೆ. ನೀವೂ ತಪ್ಪಿಸುತ್ತೀರಿ. ಮೈದಾನದಲ್ಲಿ ಅಡ್ಡಾಡುವ ಬೆಕ್ಕುಗಳು, ಹಿಂದೆ ನಿಂತ ಗೆಳೆಯರು, ಒಬ್ಬೊಬ್ಬರ ತಲಾ ಒಂದು ಮಾತು. ದಿನ ಕಳೆದ ಹಾಗೆ ಅವಳ ಎಸೆತ ಸುಧಾರಿಸುತ್ತದೆ, ನಿಮ್ಮ ಹೊಡೆತವೂ ಸುಧಾರಿಸುತ್ತದೆ.

ಈಗ ಯೋಚಿಸಿ. ರಿನ್ ಬಾಯಲ್ಲಿ ಮಾತು ಹೊರಡಿಸುವುದು ಕಷ್ಟ. ಇಬ್ಬರ ನಡುವೆ ಓಡಾಡುವುದು ಆ ಚೆಂಡು ಒಂದೇ. ಅದನ್ನು ಬರಿ ಅಕ್ಷರದಲ್ಲಿ "ಅವತ್ತೂ ಅಭ್ಯಾಸ ಮಾಡಿದೆವು" ಅಂತ ಬರೆದು ಮುಂದೆ ಹೋಗಿದ್ದರೆ ಅವಳ ಮೇಲಿನ ಅಕ್ಕರೆ ಇಷ್ಟು ಗಟ್ಟಿಯಾಗಿ ಕೂರುತ್ತಿರಲಿಲ್ಲ.

(ಕಥೆಯ ಕೊನೆ ಬಗ್ಗೆ ಯಾರೂ ಇಲ್ಲಿ ಬಾಯಿ ಬಿಡಬೇಡಿ, ದಯವಿಟ್ಟು. ಓದದವರು ತುಂಬಾ ಜನ ಇದ್ದಾರೆ.)

ಬೇಏರಿಯಾಕನ್ನಡತಿ:

ಎಲ್ಲರೂ ಜಪಾನಿನಲ್ಲೇ ನಿಂತಿದ್ದೀರಿ, ಅದಕ್ಕೆ ನಾನು ಬಂದೆ. ಬಟರ್‌ಫ್ಲೈ ಸೂಪ್. 2017, ಬ್ರಿಯಾನಾ ಲೇ ಅವರದ್ದು. ಇಚ್ ಅನ್ನುವ ವೆಬ್‌ಸೈಟಿನಲ್ಲಿ ಸಿಗುತ್ತದೆ, ದುಡ್ಡು ಕೊಡದೇನೂ ಇಳಿಸಿಕೊಳ್ಳಬಹುದು. ಎರಡನೇ ಭಾಗ 2022ರಲ್ಲಿ ಬಂತು.

ಕಥೆ ನಡೆಯುವುದು ನಾನಿರುವ ಕಡೆಯೇ, ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ, 2008ರಲ್ಲಿ. ಒಂಬತ್ತನೇ ಕ್ಲಾಸಿಗೆ ಬಂದಿರುವ ನಾಲ್ಕು ಹುಡುಗಿಯರು, ಶಾಲೆಯ ಬೇಸ್‌ಬಾಲ್ ಕ್ಲಬ್ಬು. ದಿಯಾ, ಆಕರ್ಷಾ ಇಬ್ಬರೂ ಭಾರತೀಯ ಮನೆಯವರು. ಮಿನ್ ಕೊರಿಯಾ ಮೂಲದವಳು, ನೋಯೆಲ್ ಕೂಡಾ ಏಷ್ಯಾ ಮೂಲದವಳು. ದಿಯಾ ಎತ್ತರದ ಹುಡುಗಿ, ಗಟ್ಟಿ ಆಟಗಾರ್ತಿ, ಆದರೆ ನಾಲ್ಕು ಜನರೆದುರು ಬಾಯಿ ತೆರೆಯಲು ಜೀವ ಹೋಗುತ್ತದೆ. ಮಿನ್ ಗಿಡ್ಡಕ್ಕೆ, ಬೆಂಕಿಚೆಂಡು. ಚಿಕ್ಕಂದಿನಲ್ಲಿ ಜೊತೆಗಿದ್ದು ಊರು ಬಿಟ್ಟು ಹೋಗಿದ್ದವಳು ಈಗ ವಾಪಸ್ ಬಂದಿದ್ದಾಳೆ. ಮಿನ್ ಪಿಚರ್, ದಿಯಾ ಕ್ಯಾಚರ್.

@ಮಲ್ಲಿಗೆಮೊಗ್ಗು ನಿಮ್ಮ ಕೋಪಕ್ಕೆ ಉತ್ತರ ಇಲ್ಲಿದೆ. ಯಾರೂ ಯಾರಿಗೂ ಟವೆಲು ಹಿಡಿಯುವುದಿಲ್ಲ. ಎಲ್ಲಾ ಹುಡುಗಿಯರೂ ಆಡುತ್ತಾರೆ, ಪ್ರೀತಿಯೂ ಹುಡುಗಿಯರ ನಡುವೆಯೇ. 2008 ಅನ್ನುವುದೂ ಸುಮ್ನೆ ಇಟ್ಟದ್ದಲ್ಲ. ಆ ವರ್ಷದ ಮೇ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಸುಪ್ರೀಂ ಕೋರ್ಟು ಸಲಿಂಗ ಮದುವೆಗೆ ಒಪ್ಪಿಗೆ ಕೊಟ್ಟಿತು, ನವೆಂಬರಿನಲ್ಲಿ ಮತ ಹಾಕಿಸಿ ಅದನ್ನು ಕಿತ್ತುಕೊಂಡರು. ಹೊರಗೆ ದೊಡ್ಡವರು ಇದರ ಮೇಲೆ ಜಗಳ ಆಡುವಾಗ ಮೈದಾನದಲ್ಲಿ ಈ ಮಕ್ಕಳು ಚೆಂಡು ಎಸೆಯುತ್ತಿದ್ದಾರೆ.

ಮನೆಯ ಚಿತ್ರವೂ ನಮ್ಮದೇ. ಮಾರ್ಕ್ಸ್ ಎಷ್ಟು, ಪಕ್ಕದ ಮನೆ ಮಗು ಎಷ್ಟು ತೆಗೆಯಿತು, ಆಟ ಆಡಿ ಏನು ಸಿಗುತ್ತದೆ. ನನ್ನ ಅಣ್ಣನ ಮಗಳು ಇಲ್ಲೇ ಹುಟ್ಟಿ ಬೆಳೆದವಳು, ಸಾಫ್ಟ್‌ಬಾಲ್ ಆಡುತ್ತಾಳೆ. ಅವಳು ಓದಿ ಮುಗಿಸಿ "ಅತ್ತೆ, ನಮ್ಮಂಥವರೂ ಗೇಮಲ್ಲಿ ಇದ್ದಾರೆ" ಅಂದಳು. ಎಷ್ಟೋ ಹೊತ್ತು ಆ ನಾಲ್ವರ ಬಗ್ಗೆ ಪಕ್ಕದ ಮನೆಯವರ ಹಾಗೆ ಮಾತಾಡಿದೆವು.

ಮೂಲ ಪ್ರಶ್ನೆಗೆ ಬಂದರೆ, ಇದರಲ್ಲೂ ಪಂದ್ಯ ಆಡುವಂತಿಲ್ಲ. ಆಯ್ಕೆಗಳೂ ಕಮ್ಮಿ. ಅಧ್ಯಾಯಕ್ಕೆ ಒಬ್ಬಳ ಕಣ್ಣಲ್ಲಿ ಕಥೆ. ಆದರೆ ಪಿಚರ್-ಕ್ಯಾಚರ್ ಅನ್ನುವ ಜೋಡಿ ಇಟ್ಟದ್ದೇ ಬರಹಗಾರ್ತಿಯ ಜಾಣತನ. ಮಿನ್ ಪೂರ್ತಿ ಬಲ ಹಾಕಿ ಎಸೆಯಬೇಕಾದರೆ ಆ ತುದಿಯಲ್ಲಿ ಹಿಡಿಯುವವಳ ಮೇಲೆ ನಂಬಿಕೆ ಇರಬೇಕು. ದಿಯಾಗೆ ಮಾತು ಬರುವುದಿಲ್ಲ, ಹಿಡಿಯುವುದು ಬರುತ್ತದೆ. ಪ್ರೀತಿ ಹೇಳಲು ಅವರಿಗೆ ಮರದ ಕೆಳಗಿನ ದೃಶ್ಯವೇ ಬೇಕಾಗಿಲ್ಲ.

ಕೊನೇಬೆಂಚು:

👏 ನನ್ನ ಕಡೆಗೆ ಒಂದು ವೋಟು.

ಹೊಸಬ_ತುಮಕೂರು:

ಇದುವರೆಗೆ ಒಂದೂ ಆಡಿಲ್ಲ. ಎಲ್ಲಿಂದ ಶುರು ಮಾಡಲಿ? ಮೊಬೈಲ್ ಮತ್ತು ಹಳೇ ಲ್ಯಾಪ್‌ಟಾಪ್ ಇದೆ. ಇಂಗ್ಲಿಷ್ ಓದಲು ಬರುತ್ತದೆ, ಜಪಾನಿ ಬರಲ್ಲ.

ಹಳೇಕನ್ಸೋಲು:

@ಹೊಸಬ_ತುಮಕೂರು ಲ್ಯಾಪ್‌ಟಾಪಲ್ಲಿ ಬಟರ್‌ಫ್ಲೈ ಸೂಪ್. ಖರ್ಚಿಲ್ಲ, ಕೆಲವೇ ಗಂಟೆಯಲ್ಲಿ ಮುಗಿಯುತ್ತದೆ, ಭಾರೀ ಯಂತ್ರವೂ ಬೇಡ. ಹಿಡಿಸಿದರೆ ಸ್ಟೀಮ್‌ನಲ್ಲಿ ರಿಯಾಯಿತಿ ಬಂದಾಗ ಲಿಟಲ್ ಬಸ್ಟರ್ಸ್ ತಗೊಳ್ಳಿ, ಅದು ತಿಂಗಳುಗಟ್ಟಲೆ ಹಿಡಿಯುತ್ತದೆ. ಟೋಕಿಮೆಕಿ ಅಧಿಕೃತವಾಗಿ ಇಂಗ್ಲಿಷಿಗೆ ಬಂದಿಲ್ಲ. ಸೂಪರ್ ಫ್ಯಾಮಿಕಾಮ್ ಅನ್ನುವ ಹಳೇ ಕನ್ಸೋಲಿನ ಆವೃತ್ತಿಯನ್ನು ಅಭಿಮಾನಿಗಳು 2022ರಲ್ಲಿ ಇಂಗ್ಲಿಷಿಗೆ ತಂದಿದ್ದಾರೆ. ಒಂದು ಎಚ್ಚರಿಕೆ: ಈ ಬಗೆಯ ಕೆಲವು ಆಟಗಳಿಗೆ ದೊಡ್ಡವರಿಗೆ ಮಾತ್ರ ಅನ್ನುವ ಆವೃತ್ತಿಯೂ ಇರುತ್ತದೆ. ಮನೆಯಲ್ಲಿ ಮಕ್ಕಳಿಗೆ ಕೊಡುವ ಮುಂಚೆ ಯಾವ ಆವೃತ್ತಿ ಅಂತ ನೋಡಿಕೊಳ್ಳಿ.

ಕೋಡುಗುಬ್ಬಿ:

ಇಷ್ಟೆಲ್ಲಾ ಓದಿದ ಮೇಲೆ ಕೇಳಲೇಬೇಕು. ಕನ್ನಡದಲ್ಲಿ ನಾವೇ ಒಂದು ಮಾಡಬಹುದಲ್ವಾ? ಬಟರ್‌ಫ್ಲೈ ಸೂಪ್ ಮಾಡಿದ್ದು ರೆನ್‌ಪೈ ಅನ್ನುವ ತಂತ್ರಾಂಶದಲ್ಲಿ. 2004ರಿಂದ ಇದೆ, ಉಚಿತ, ಪೈಥಾನ್ ಮೇಲೆ ನಿಂತಿದೆ. ಯಾರು ಮಾತಾಡುತ್ತಾರೆ, ಏನು ಹೇಳುತ್ತಾರೆ, ಯಾವ ಚಿತ್ರ ತೋರಿಸಬೇಕು ಅಂತ ಸಾಲು ಸಾಲಾಗಿ ಬರೆದರೆ ಆಯಿತು. ನಾಟಕದ ಸ್ಕ್ರಿಪ್ಟ್ ಬರೆದವರಿಗೆ ಎರಡೇ ಸಂಜೆ ಸಾಕು.

ಕನ್ನಡಕ್ಕೆ ಮೊದಲು ಒಂದು ತೊಡಕಿತ್ತು. ಒತ್ತಕ್ಷರ ಕಿತ್ತುಹೋಗಿ ಅಕ್ಷರದ ಪಕ್ಕ ಬಿದ್ದಿರುತ್ತಿದ್ದವು, ಓದಲು ಆಗುತ್ತಿರಲಿಲ್ಲ. ಈಚಿನ ಆವೃತ್ತಿಗಳು ಅಕ್ಷರ ಜೋಡಿಸಲು ಹಾರ್ಫ್‌ಬಝ್ ಬಳಸುತ್ತವೆ. ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿ "ಮುಖ್ಯೋಪಾಧ್ಯಾಯ", "ಕ್ರೀಡಾಂಗಣ", "ಸ್ಪರ್ಧೆ" ಮೂರನ್ನೂ ಬರೆದು ನೋಡಿದೆ, ಸರಿಯಾಗಿ ಬಂತು.

ಪೀಟಿಮೇಷ್ಟ್ರು:

ಮಾಡುವುದಾದರೆ ದಯವಿಟ್ಟು ಬೇಸ್‌ಬಾಲ್ ತಂದು ನಮ್ಮ ಹೈಸ್ಕೂಲಿಗೆ ಹಾಕಬೇಡಿ. ಖೋ ಖೋ ಇಡಿ.

ಕಾರಣ ಹೇಳುತ್ತೇನೆ. ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಬ್ಬರು ಈ ಕಡೆ ಮುಖ, ಪಕ್ಕದವರು ಆ ಕಡೆ ಮುಖ. ಒಂಬತ್ತನೆಯವಳು ಓಡಿಸುತ್ತಾಳೆ. ಅವಳು ಬೆನ್ನು ಮುಟ್ಟಿ "ಖೋ" ಅನ್ನುವ ತನಕ ಕೂತವಳು ಏಳುವಂತಿಲ್ಲ. ಹಿಂದೆ ಏನು ನಡೆಯುತ್ತಿದೆ ಅಂತ ಕಾಣುವುದೂ ಇಲ್ಲ, ಕಿವಿ, ಬೆನ್ನು ಎರಡನ್ನೇ ನಂಬಬೇಕು. ಪಿಚರ್-ಕ್ಯಾಚರ್ ಜೋಡಿ ಅಂತ ಮೇಲೆ ಮೇಡಂ ಬರೆದರಲ್ಲ, ಇಲ್ಲಿ ಒಂಬತ್ತು ಜನರ ನಡುವೆ ಅದೇ ನಂಬಿಕೆ. ಯಾರು ಯಾರಿಗೆ ಖೋ ಕೊಡುತ್ತಾರೆ ಅನ್ನುವುದರಲ್ಲೇ ಮುನಿಸು, ಸ್ನೇಹ ಎಲ್ಲಾ ಮೈದಾನದಲ್ಲಿ ಕಾಣುತ್ತದೆ. ಜಗಳ ಆಡಿದ ಗೆಳತಿಗೆ ಖೋ ಕೊಡದೆ ಪಕ್ಕದವಳಿಗೆ ಕೊಟ್ಟು ಪಾಯಿಂಟ್ ಕಳೆದುಕೊಂಡ ಮಕ್ಕಳನ್ನು ನಾನೇ ನೋಡಿದ್ದೇನೆ.

ಹಂತಗಳೂ ಸಿದ್ಧ ಇವೆ: ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ ಖೋ ವಿಶ್ವಕಪ್ ನಡೆಯಿತು, ಗಂಡಸರು, ಹೆಂಗಸರು ಎರಡರಲ್ಲೂ ಭಾರತವೇ ಗೆದ್ದಿತು. ಹೆಂಗಸರ ತಂಡದಲ್ಲಿ ನಮ್ಮ ಕರ್ನಾಟಕದ ಚೈತ್ರಾ ಬಿ. ಇದ್ದರು. ಮಕ್ಕಳಿಗೆ ಕನಸು ಕಾಣಲು ಇಷ್ಟು ಸಾಕು.

ಮಲ್ಲಿಗೆಮೊಗ್ಗು:

ಮೇಷ್ಟ್ರೇ, ಇದನ್ನು ಓದುವಾಗಲೇ ದೃಶ್ಯ ಕಣ್ಣಿಗೆ ಬಂತು. ಆಯ್ಕೆ ಹೀಗಿರಬಹುದು: ಪರದೆ ಮೇಲೆ ಕೂತ ಹುಡುಗಿಯರ ಬೆನ್ನು. ಮುಖ ಕಾಣಲ್ಲ. ಯಾರಿಗೆ ಖೋ ಕೊಡುತ್ತೀರಿ? ಯೋಚಿಸಲು ಎರಡೇ ಸೆಕೆಂಡು. ಆಟದ ಲೆಕ್ಕಕ್ಕೆ ಸರಿಯಾದವಳು ಒಬ್ಬಳು, ನಿನ್ನೆ ನಿಮ್ಮ ಜೊತೆ ಮಾತು ಬಿಟ್ಟವಳು ಇನ್ನೊಬ್ಬಳು.

ಹಸಿರುಮೈದಾನ:

@ಮಲ್ಲಿಗೆಮೊಗ್ಗು ಇದು! ನಾನು ಮೊದಲಿಂದ ಹೇಳುತ್ತಿರುವುದು ಇದನ್ನೇ. ಪಂದ್ಯವೂ ನಮ್ಮ ಕೈಯಲ್ಲಿದೆ, ಕಥೆಯೂ ಅಲ್ಲೇ ಇದೆ. ಬೆರಳಿನ ಚುರುಕು ಬೇಕಾಗಿಲ್ಲ, ಯಾರನ್ನು ನಂಬುತ್ತೀರಿ ಅಂತ ಹೇಳಿದರೆ ಸಾಕು.

ಕೊನೇಬೆಂಚು:

ಇದಕ್ಕೆ ನನ್ನ ತಕರಾರೂ ಇಲ್ಲ. ಆದರೆ ಒಂದು ಷರತ್ತು. ತಪ್ಪಾದ ಖೋ ಕೊಟ್ಟರೆ "ಆಟ ಮುಗಿಯಿತು" ಅಂತ ಪರದೆ ಬರಬಾರದು. ಸೋತು ಬಸ್ಸಿನಲ್ಲಿ ವಾಪಸ್ ಬರುವ ದಾರಿಯನ್ನೂ ಬರೆಯಬೇಕು. ಈ ಬಗೆಯ ಬಹಳಷ್ಟು ಆಟಗಳು ಸೋಲನ್ನು ಬರೆಯುವುದೇ ಇಲ್ಲ, ಹಿಂದಿನ ಸೇವ್‌ಗೆ ಓಡಿಸಿಬಿಡುತ್ತವೆ. ಟೋಕಿಮೆಕಿಯಲ್ಲಿ ಯಾರೂ ಬರದೆ ಒಬ್ಬನೇ ಪದವಿ ಮುಗಿಸುವ ಕೊನೆಯಾದರೂ ಇದೆ.

ಬೇಏರಿಯಾಕನ್ನಡತಿ:

ಸೋತ ಬಸ್ಸಿನ ದೃಶ್ಯ ನಾನು ಬರೆಯುತ್ತೇನೆ. ಇನ್ನೊಂದು ಮಾತು. ಹುಡುಗ-ಹುಡುಗಿ ಮಾತಾಡಿದ ಸುದ್ದಿ ಸಂಜೆಯೊಳಗೆ ಮನೆ ಮುಟ್ಟುವ ಊರುಗಳು ನಮ್ಮವು. ಹಾಗಾಗಿ ಪ್ರೀತಿ ಹೇಳಿಕೊಳ್ಳುವ ದೃಶ್ಯವೇ ಬೇಕು ಅಂತ ಹಟ ಬೇಡ. ಪಂದ್ಯಕ್ಕೆ ಹೋಗಲು ಮನೆಯಲ್ಲಿ ಒಪ್ಪಿಸುವುದೇ ಒಂದು ಅಧ್ಯಾಯ ಆಗಲಿ.

ಕೋಡುಗುಬ್ಬಿ:

ಸರಿ, ಹಾಗಾದರೆ ಶುರು ಮಾಡೋಣ. ಮೊದಲು ಒಂದೇ ಒಂದು ಪಂದ್ಯ, ತಾಲ್ಲೂಕು ಮಟ್ಟದ್ದು. ಐದು ಖೋ ಆಯ್ಕೆ, ಒಂದು ಗೆದ್ದ ಕೊನೆ, ಒಂದು ಸೋತ ಬಸ್ಸು. ಕೋಡ್ ನಾನು ನೋಡಿಕೊಳ್ಳುತ್ತೇನೆ. ಮೇಷ್ಟ್ರು ನಿಯಮ ತಿದ್ದಿಕೊಡಬೇಕು. ಕೂತ ಭಂಗಿ, ಕಂಬದ ಹತ್ತಿರ ತಿರುಗುವ ಓಟ, ಇಷ್ಟಕ್ಕೆ ಚಿತ್ರ ಬರೆಯುವವರು ಬೇಕು. ಇದ್ದರೆ ಕೆಳಗೆ ಹೇಳಿ.

ಹೊಸಬ_ತುಮಕೂರು:

ಬಟರ್‌ಫ್ಲೈ ಸೂಪ್ ಈಗ ಇಳಿಸಿಕೊಳ್ಳುತ್ತಿದ್ದೇನೆ. ನನ್ನ ತಂಗಿ ಚಿತ್ರ ಚೆನ್ನಾಗಿ ಬರೆಯುತ್ತಾಳೆ, ಶಾಲೆಯಲ್ಲಿ ಖೋ ಖೋ ಆಡಿದವಳು. ಕೇಳಿ ಹೇಳುತ್ತೇನೆ. ಹುಡುಗಿಯರಿಗೆ ಟ್ರ್ಯಾಕ್ ಪ್ಯಾಂಟಾ, ಶಾರ್ಟ್ಸಾ ಅಂತ ಅವಳು ಮೊದಲು ಕೇಳುತ್ತಾಳೆ, ಅದನ್ನೊಂದು ತೀರ್ಮಾನ ಮಾಡಿ ಇಡಿ.